ಕಾಲಿನ ಮಾತು ಕೇಳುತ್ತಿದ್ದ ಮಹಾದೇವಿ ಮೇಡಂ

ಮಹಾದೇವಿ ಮೇಡಂ ಮಕ್ಕಳ ಚಪ್ಪಲಿ ಕದಿಯುತ್ತಿದ್ದರು. ಕದ್ದು ಬಚ್ಚಿಡುವ ಪೈಕಿಯಲ್ಲ. ನಮ್ಮ ಕಣ್ಣೆದುರಿಗೇ ಮಂಚದ ಕೆಳಗಿನಿಂದ ಒಂದು ಚಪ್ಪಲಿ ಎತ್ತಿಕೊಂಡು, ವಾರ್ಡಿನ ಆ ತುದಿಗೆ ಹೋಗಿ ನೆಲದ ಮೇಲಿಟ್ಟು, ಏನೂ ಆಗದವರ ಹಾಗೆ ಕಿಟಕಿಯಾಚೆ ನೋಡುತ್ತ ನಿಲ್ಲುತ್ತಿದ್ದರು. ತುಂಬಿದ ಮೈ, ಎಣ್ಣೆ ಹಚ್ಚಿ ಬಿಗಿದ ಜಡೆ, ಬಿಳಿ ಕೋಟಿನ ಕೆಳಗೆ ಇಳಕಲ್ ಸೀರೆಯ ಕೆಂಪು ಅಂಚು. ಚಪ್ಪಲಿ ಬೇಕಾದವರು ಮಂಚ ಇಳಿದು, ಗೊಣಗುತ್ತ ಅಷ್ಟು ದೂರ ನಡೆದು, ಬಗ್ಗಿ ಎತ್ತಿಕೊಳ್ಳಬೇಕು. ಅವರು ಕಿಟಕಿ ನೋಡುತ್ತಿಲ್ಲ, ಕಿಟಕಿಯ ಗಾಜಿನಲ್ಲಿ ನಮ್ಮನ್ನು ನೋಡುತ್ತಿದ್ದಾರೆ ಅಂತ ನನಗೆ ತಿಳಿದದ್ದು ತುಂಬಾ ತಡವಾಗಿ.

ಅವರು ಫಿಸಿಯೋಥೆರಪಿಸ್ಟ್. ಕ್ಯಾನ್ಸರ್ ಬಂದ ಮಕ್ಕಳಿಗೆ ಎದ್ದು ಕೂರಲು, ನಡೆಯಲು, ಮೆಟ್ಟಿಲು ಹತ್ತಲು ಎಷ್ಟರ ಮಟ್ಟಿಗೆ ಆಗುತ್ತದೆ ಎಂದು ಪರೀಕ್ಷಿಸಿ ಡಾಕ್ಟರಿಗೆ ಹೇಳುವುದು ಅವರ ಕೆಲಸ. ನಾನು ಬಸವೇಶ್ವರನಗರದ ಹುಡುಗಿ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಒಂಬತ್ತನೇ ಕ್ಲಾಸಿನ ನಡುವೆ ನನಗೆ ರಕ್ತದ ಕ್ಯಾನ್ಸರ್ ಬಂತು. ಔಷಧಿ ರೋಗವನ್ನು ಹಿಮ್ಮೆಟ್ಟಿಸಿತು, ಜೊತೆಗೆ ನನ್ನ ಪಾದದ ನರಗಳನ್ನೂ ಸುಸ್ತು ಮಾಡಿತು. ಎಡಪಾದದ ತುದಿ ಮೇಲೇಳುತ್ತಿರಲಿಲ್ಲ. ನಡೆದರೆ ಟಪ್ ಟಪ್ ಅಂತ ಸದ್ದು. ಯಾರು ಕೇಳಿದರೂ ನಾನು "ಚೆನ್ನಾಗೇ ನಡೀತೀನಿ" ಅನ್ನುತ್ತಿದ್ದೆ.

ಮೊದಲ ದಿನ ನನ್ನ ಚಪ್ಪಲಿ ಕದ್ದು, ನಾನು ಅದನ್ನು ತಂದಾದ ಮೇಲೆ ಮೇಡಂ ಹೇಳಿದರು: "ನಿನ್ನ ಬಾಯಿ ಒಂದು ಹೇಳ್ತೈತಿ, ಕಾಲು ಒಂದು ಹೇಳ್ತೈತಿ. ನಾ ಕಾಲಿನ ಮಾತು ಕೇಳಾಕಿ ನೋಡವಾ."

ಅವರದು ಗದಗದ ಕಡೆ. ಮದುವೆಯಾಗಿ ನಮ್ಮ ಪಕ್ಕದ ವಿಜಯನಗರ ಬಡಾವಣೆಗೆ ಬಂದು ವರ್ಷಗಳಾಗಿದ್ದರೂ ಮಾತು ಮಾತ್ರ ಊರು ಬಿಟ್ಟು ಬಂದಿರಲಿಲ್ಲ.

ನನ್ನದು ಒಂದು ಥರದ ಸುಳ್ಳಾದರೆ ಅಮ್ಮನದು ಇನ್ನೊಂದು ಥರ. "ಅವಳ ಕೈಲಿ ಏನೂ ಆಗಲ್ಲ ಮೇಡಂ. ಊಟ, ಸ್ನಾನ ಎಲ್ಲಾ ನಾನೇ ಮಾಡಿಸ್ತೀನಿ" ಅನ್ನುತ್ತಿದ್ದಳು. ಹದಿನೈದರ ಹುಡುಗಿಗೆ ಅಮ್ಮ ತಲೆಗೆ ನೀರು ಹಾಕುವುದು ಎಂಥ ಅವಮಾನ ಅಂತ ಅಮ್ಮನಿಗೆ ಹೇಳುವವರು ಯಾರು? ಮೇಡಂ ವಾದ ಮಾಡಲಿಲ್ಲ. ಡಾಕ್ಟರ ಒಪ್ಪಿಗೆ ಕೇಳಿಕೊಂಡು ಮರುದಿನ ಒಂದು ಬಾಟಲಿ ಶೇಂಗಾ ಚಟ್ನಿಪುಡಿ ತಂದರು. ಯಾರು ಮುಚ್ಚಳ ತೆಗೆಯುತ್ತಾರೋ ಅವರಿಗೆ ಬಾಟಲಿ. ನನ್ನ ಸರದಿ ಬರುವ ಹೊತ್ತಿಗೆ ಅಮ್ಮ ಸೆರಗಿನ ಮರೆಯಲ್ಲಿ ಮುಚ್ಚಳವನ್ನು ಸಡಿಲ ಮಾಡಿಟ್ಟಿದ್ದಳು. ಮೇಡಂ ಅದನ್ನು ಕಂಡೂ ಕಾಣದ ಹಾಗೆ ಇಸಿದುಕೊಂಡು, ಹಲ್ಲು ಕಚ್ಚಿ ಬಿಗಿದು, ನನ್ನ ಕೈಗಿಟ್ಟರು.

"ಇದು ಮೋಸ" ಅಂದೆ.

"ಹೌದು. ಮಾಡಾಕಿ ನಾನು. ತಗೀ."

ಸಿಟ್ಟಿನಲ್ಲಿ ತಿರುಗಿಸಿದೆ. ಮುಚ್ಚಳ ಬಂತು, ಚಟ್ನಿಪುಡಿ ಹಾಸಿಗೆಯೆಲ್ಲ ಚೆಲ್ಲಿತು. ಮೇಡಂ ಅಮ್ಮನ ಕಡೆ ತಿರುಗಿ, "ಅಕ್ಕಾರ, ಈ ಕೈ ಒಂದು ತಂಬಿಗಿ ನೀರು ಎತ್ತಂಗಿಲ್ಲೇನ್ರಿ?" ಅಂದರು. ಅಮ್ಮ ಹಾಸಿಗೆ ಕೊಡವತೊಡಗಿದಳು. ಆವತ್ತು ಸಂಜೆ ನಾನು ಕುರ್ಚಿ ಹಾಕಿಕೊಂಡು ಒಬ್ಬಳೇ ಸ್ನಾನ ಮಾಡಿದೆ. ಅಮ್ಮ ಬಾತ್‌ರೂಮಿನ ಬಾಗಿಲಾಚೆ ನಿಂತು, ನಾನು ಮುಗಿಸುವವರೆಗೂ ಏನಾದರೂ ಮಾತಾಡುತ್ತಲೇ ಇದ್ದಳು.

ವಾರ್ಡಿನಲ್ಲಿ ಎಲ್ಲರ ಕಾಲೂ ಮಾತಾಡುತ್ತಿರಲಿಲ್ಲ. ಮೂಲೆಯ ಮಂಚದಲ್ಲಿ ಚೇತನ್ ಅಂತ ಪುಟ್ಟ ಹುಡುಗನೊಬ್ಬನಿದ್ದ. ಕೊನೆಕೊನೆಗೆ ಅವನಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಮೇಡಂ ಅವನನ್ನು ಬಿಟ್ಟು ಮುಂದೆ ಹೋಗುತ್ತಿರಲಿಲ್ಲ. ಬಗ್ಗಿ ತಮ್ಮ ಮೂಗನ್ನು ಅವನ ಕೈಗೆ ಕೊಟ್ಟು "ಹಿಂಡು ನೋಡೂಣು" ಅನ್ನುತ್ತಿದ್ದರು. ಅವನು ಹಿಂಡಿದರೆ, "ಅಯ್ಯ, ಇವನ ಕೈಯಾಗ ಏನ್ ಶಕ್ತಿ ಐತ್ರೀ" ಅಂತ ಕೆಂಪು ಮೂಗನ್ನು ವಾರ್ಡಿಗೆಲ್ಲ ತೋರಿಸಿಕೊಂಡು ಹೋಗುತ್ತಿದ್ದರು. ಅವನ ಮಂಚ ಖಾಲಿಯಾದ ದಿನ ಮೇಡಂ ಯಾರ ಚಪ್ಪಲಿಯನ್ನೂ ಮುಟ್ಟಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನಗೆ ಶಾಲೆಗೆ ಹೋಗಬೇಕಿತ್ತು. ಹತ್ತನೇ ಕ್ಲಾಸು ಎರಡನೇ ಮಹಡಿಯಲ್ಲಿ. ಮೇಡಂ ಒಪ್ಪಿದರೆ ಕಳಿಸಬಹುದು ಅಂತ ಡಾಕ್ಟರ್ ಹೇಳಿದ್ದರು. ಅಮ್ಮ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಡಬ್ಬಿಯಿಂದ ಎಲಾಸ್ಟಿಕ್ ಕದ್ದು, ಒಂದು ತುದಿಯನ್ನು ಮೊಣಕಾಲಿನ ಕೆಳಗೆ ಸುತ್ತಿ, ಇನ್ನೊಂದನ್ನು ಶೂ ಲೇಸಿಗೆ ಕೊಕ್ಕೆ ಹಾಕಿದೆ. ಪಾದದ ತುದಿ ತಾನಾಗೇ ಮೇಲೆದ್ದು ನಿಂತಿತು. ಮೇಲೆ ಚೂಡಿದಾರ್ ಇದ್ದದ್ದರಿಂದ ಏನೂ ಕಾಣುತ್ತಿರಲಿಲ್ಲ.

ಮೇಡಂ ಪರೀಕ್ಷೆ ಮಾಡುವ ದಿನ ಆಸ್ಪತ್ರೆಯ ಹಿಂದಿನ ಮೆಟ್ಟಿಲುಗಳನ್ನು ಮಹಾರಾಣಿಯ ಹಾಗೆ ಹತ್ತಿದೆ. ಟಪ್ ಸದ್ದಿಲ್ಲ. ಮೇಡಂ ಸುಮ್ಮನೆ ನೋಡಿ, "ಇನ್ನೊಮ್ಮಿ ಹತ್ತು" ಅಂದರು. ಅರ್ಧ ದಾರಿಯಲ್ಲಿ ಕೊಕ್ಕೆ ಕಳಚಿ ಎಲಾಸ್ಟಿಕ್ ಚಟ್ಟನೆ ಮೊಣಕಾಲಿಗೆ ಹೊಡೆಯಿತು. ಮುಗ್ಗರಿಸಿದೆ. ಅವರು ಹಿಂದೆಯೇ ಇದ್ದರು, ತೋಳು ಹಿಡಿದರು. ಮೆಟ್ಟಿಲ ಮೇಲೆ ಕೂರಿಸಿ, ಚೂಡಿದಾರದ ಅಂಚು ಸರಿಸಿ ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಇಂಥಾದ್ದೇ ಒಂದು ನಿನಗ ಮಾಡಿಸಿ ಕೊಡಬೇಕಂತ ನಾ ಓಡ್ಯಾಡಾಕತ್ತೀನಿ. ನೀ ಎಲಾಸ್ಟಿಕ್‌ನಾಗ ಕೆಲಸ ಮುಗಿಸಿ ಬಂದಿ."

"ಹಾಗಾದ್ರೆ ಪಾಸಾ ಮೇಡಂ?"

"ಕಳ್ಳತನದಾಗ ಪಾಸ್. ಮೆಟ್ಲದಾಗ ಫೇಲ್."

ನಾನು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ, ಪಕ್ಕದಲ್ಲಿ ಕೂತು ಕಾದರು. ಆಮೇಲೆ, "ಮುಗೀತಾ? ನಿಮ್ಮ ಸಾಲಿ ಎಲ್ಲಿ ಬರ್ತೈತಿ ಹೇಳು" ಅಂದರು.

ಶಾಲೆ ರಾಜಾಜಿನಗರದಲ್ಲಿತ್ತು. ಒಂದು ಬೆಳಿಗ್ಗೆ ಅಮ್ಮ, ನಾನು, ಮೇಡಂ ಒಂದೇ ಆಟೋದಲ್ಲಿ ಹೋದೆವು. ಹೆಡ್‌ಮಿಸ್ ಕೆಟ್ಟವರಲ್ಲ, ಹೆದರಿದ್ದರು. "ಬಿದ್ದು ಗಿದ್ದು ಏನಾದ್ರೂ ಆದ್ರೆ ಜವಾಬ್ದಾರಿ ಯಾರದ್ದು? ಒಂದು ವರ್ಷ ಮನೇಲೇ ಓದ್ಲಿ ಬಿಡಿ" ಅಂದರು.

ಮೇಡಂ, "ಮೊದಲ ಆ ಮೆಟ್ಲ ತೋರಸ್ರಿ" ಅಂತ ಎದ್ದರು. ನನ್ನನ್ನೂ ಅಮ್ಮನನ್ನೂ ಕೆಳಗೇ ಬಿಟ್ಟು, ಇಬ್ಬರೂ ಎರಡನೇ ಮಹಡಿಗೆ ಹೋಗಿ ಬಂದರು. ವಾಪಸು ಬಂದಾಗ ಹೆಡ್‌ಮಿಸ್ ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕುಸಿದರು. ಮೇಡಂ ಬಹಳ ಮರ್ಯಾದೆಯಿಂದ ಕೇಳಿದರು: "ದಿನಾ ಹತ್ತತೀರೇನ್ರಿ?"

"ಇಲ್ಲಪ್ಪ. ಮಂಡಿ ನೋವು. ಅದಕ್ಕೇ ನನ್ನ ರೂಮು ಕೆಳಗಿದೆ."

"ಹಂಗಾರ ಈಕಿ ರೂಮೂ ಕೆಳಗ ಬರಲಿ ಬಿಡ್ರಿ."

ಹೆಡ್‌ಮಿಸ್ ನಕ್ಕುಬಿಟ್ಟರು. ಮುಂದಿನ ವಾರ ಹತ್ತನೇ ಕ್ಲಾಸು ಕೆಳಗಿನ ಡ್ರಾಯಿಂಗ್ ಕ್ಲಾಸಿನ ರೂಮಿಗೆ ಇಳಿಯಿತು. ಮೇಡಂ ಮಾಡಿಸಿಕೊಟ್ಟ, ಪಾದದ ತುದಿ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿಯನ್ನು ಶೂ ಒಳಗೆ ಹಾಕಿಕೊಂಡು ನಾನು ಹೋಗತೊಡಗಿದೆ. ಔಷಧಿ ನಿಂತ ಮೇಲೆ ನರಗಳು ನಿಧಾನಕ್ಕೆ ಚೇತರಿಸಿಕೊಂಡವು.

ನಾನು ಕಾಲೇಜಿಗೆ ಸೇರಿದ ಮೇಲೆ ಒಂದು ಭಾನುವಾರ ಮೇಡಂ ನಮ್ಮ ಮನೆಗೆ ಬಂದರು. ಅವರ ಯಜಮಾನರಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು, ಹೇಳಿ ಹೋಗಲು ಬಂದಿದ್ದರು. ನಮ್ಮದು ಮೇಲಿನ ಬಾಡಿಗೆ ಪೋರ್ಷನ್ನು. ಬಾಲ್ಕನಿಯಿಂದ ನೋಡುತ್ತಿದ್ದೆ: ಅವರು ಪ್ರತಿ ಮೆಟ್ಟಿಲಿಗೂ ಬಲಗಾಲನ್ನೇ ಮೊದಲು ಇಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ತಂದು, ಗೋಡೆಗೆ ಕೈಕೊಟ್ಟು ಹತ್ತುತ್ತಿದ್ದರು. ತಲೆಯೆತ್ತಿದಾಗ ನಾನು ಅವರ ಕಣ್ಣಿಗೆ ಬಿದ್ದೆ.

"ನೋಡಿದಿ?"

"ಎಡಮಂಡಿನಾ ಮೇಡಂ?"

"ಬಾಯಿ ಮುಚ್ಚು. ನಿಮ್ಮವ್ವಗ ಹೇಳಬ್ಯಾಡ, ಎಣ್ಣಿ ಹಚ್ಚಾಕ ಕುಂಡ್ರತಾಳ."

ಹೇಳಲಿಲ್ಲ. ಊಟವಾಯಿತು, ಅಮ್ಮ ಕುಂಕುಮ, ಬ್ಲೌಸ್ ಪೀಸು ಕೊಟ್ಟಳು. ಹೊರಡುವಾಗ ನಾನು ಅವರಿಗಿಂತ ಮೊದಲು ಮೆಟ್ಟಿಲಿಗೆ ಹೋಗಿ, ಒಂದು ಮೆಟ್ಟಿಲು ಕೆಳಗೆ, ಅವರ ಕಡೆಗೆ ಮುಖ ಮಾಡಿ ನಿಂತೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟರು. ಭಾರ ಪೂರ್ತಿ ಬಿಟ್ಟರು. ಹಾಗೇ ಇಬ್ಬರೂ ಗೇಟಿನವರೆಗೆ ಇಳಿದೆವು.