ಸೂಜಿ ಹಾಕಿಸಿಕೊಂಡದ್ದು

ನನ್ನ ಮೊದಲ ಮಗ ಎರಡು ವರ್ಷ ಬದುಕಿದ್ದ. ಹೃದಯದಲ್ಲಿ ತೂತಿತ್ತು, ಕತ್ತು ನಿಲ್ಲುವುದಕ್ಕೇ ವರ್ಷ ಹಿಡಿದಿತ್ತು. ವರ್ಣತಂತುವಿನ ದೋಷ, ಹುಟ್ಟಿನಿಂದಲೇ ಬಂದದ್ದು ಎಂದಿದ್ದರು. ಅವನು ಹೋದ ಮೂರು ವರ್ಷಕ್ಕೆ, ಎಂಬತ್ತರ ದಶಕದ ನಡುವೆ, ಮತ್ತೆ ಬಸುರಿಯಾದೆ. ಆಗ ಯಶವಂತಪುರದ ವಠಾರವೊಂದರಲ್ಲಿದ್ದೆವು. ಯಜಮಾನರಿಗೆ ಗೊರಗುಂಟೆಪಾಳ್ಯದ ಹತ್ತಿರ ಕಾರ್ಖಾನೆ ಕೆಲಸ.

"ಹೊಟ್ಟೆಗೆ ಸೂಜಿ ಹಾಕಿ ಮಗು ಸುತ್ತ ಇರೋ ನೀರು ಸ್ವಲ್ಪ ತೆಗೆದು ಪರೀಕ್ಷೆ ಮಾಡ್ತೀವಿ. ಇದಕ್ಕೂ ಅದೇ ತೊಂದರೆ ಇದ್ರೆ ಗೊತ್ತಾಗುತ್ತೆ," ಎಂದರು ಡಾಕ್ಟರಮ್ಮ. "ಆದ್ರೆ ಅಪರೂಪಕ್ಕೆ ನೀರು ಸೋರಿ, ದಿನ ತುಂಬೋ ಮೊದ್ಲೇ ಹೆರಿಗೆ ಆಗ್ಬಹುದು. ಯೋಚ್ನೆ ಮಾಡಿ ಬನ್ನಿ."

ಧಾರವಾಡದಿಂದ ಬಂದಿದ್ದ ಅತ್ತೆ, "ಬ್ಯಾಡ ತಗೋವಾ. ಕೂಸು ಹ್ಯಾಂಗರ ಹುಟ್ಟಲಿ, ನಾ ಜ್ವಾಕಿ ಮಾಡ್ತೀನಿ," ಎಂದರು. ಯಜಮಾನರು ನಿನ್ನಿಷ್ಟ ಎಂದುಬಿಟ್ಟರು. ಇನ್ನೊಂದು ಮಗು ಉಸಿರಿಗೆ ಒದ್ದಾಡುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಹಾಕಿಸಿಕೊಂಡೆ.

ನಾಲ್ಕು ವಾರದ ಮೇಲೆ ವರದಿ ಬಂತು. ದೋಷವಿಲ್ಲ, ಹೆಣ್ಣು ಮಗು. ಅತ್ತೆಗೆ ಹಿಗ್ಗು ತಡೆಯಲಾಗಲಿಲ್ಲ. ವಠಾರದವರಿಗೆಲ್ಲ ಮೊಮ್ಮಗಳು ಬರುತ್ತಾಳೆಂದು ಹೇಳಿಕೊಂಡು ಬಂದರು.

ಸೂಜಿ ಹಾಕಿದ ಮರುವಾರ ಒಂದೆರಡು ಸಲ ನೀರು ಸೋರಿ ನಿಂತಿತ್ತು. ಆರು ತಿಂಗಳು ತುಂಬುವ ಹೊತ್ತಿಗೆ ಮತ್ತೆ ಶುರುವಾಯಿತು. ಆಸ್ಪತ್ರೆಯಲ್ಲಿ ಮಂಚದ ಕಾಲ ಕಡೆಗೆ ಇಟ್ಟಿಗೆ ಕೊಟ್ಟು ಮಲಗಿಸಿದರು. ಎಂಟನೆಯ ದಿನ ಹೆರಿಗೆಯಾಯಿತು. ಬೆರಳಿಗೆ ಉಗುರು, ಕಣ್ಣಿಗೆ ರೆಪ್ಪೆಗೂದಲು, ಎಲ್ಲ ಇದ್ದವು. ಶ್ವಾಸಕೋಶ ಮಾತ್ರ ಬಲಿತಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮೂರು ದಿನ ಎದೆಗೂಡು ಒಳಕ್ಕೆ ಸೇದುತ್ತಿತ್ತು. ನಾಲ್ಕನೆಯ ಬೆಳಿಗ್ಗೆ ನಿಂತಿತು.

"ಸೂಜಿಯಿಂದಲೇ ಹೀಗಾಯ್ತಾ?" ಎಂದು ಕೇಳಿದೆ.

"ಹೌದು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲಮ್ಮ," ಎಂದರು ಡಾಕ್ಟರಮ್ಮ.

ಮನೆಗೆ ಬಂದ ಹದಿನೈದು ದಿನಕ್ಕೆ, ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ ಯಾರಿಗೋ ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸಿತು: "ಹೆಣ್ಣು ಅಂತ ಗೊತ್ತಾಯ್ತಲ್ಲ ಕಣ್ರೀ, ಅದಕ್ಕೇ ತೆಗೆಸ್ಬಿಟ್ಟಿದಾರೆ."

ವರದಿ ಹಿಡಿದುಕೊಂಡು ಹೊರಗೆ ಓಡಿದೆ. "ಸೂಜಿ ಯಾಕೆ ಹಾಕಿಸ್ಕೊಂಡೆ ಅಂತ ಇದ್ರಲ್ಲೇ ಬರ್ದಿದೆ, ಓದಿ ನೋಡ್ರೀ. ನಂಗೆ ಬೇಕಿದ್ದ ಮಗು ಅದು."

ಆಕೆ ಕಾಗದ ಮುಟ್ಟಲಿಲ್ಲ. "ನಾವೇನೂ ಅಂದಿಲ್ವಲ್ಲ," ಎಂದು ಬಿಂದಿಗೆ ಎತ್ತಿಕೊಂಡು ಹೋದರು. ಅತ್ತೆ ಬಂದು ನನ್ನ ರಟ್ಟೆ ಹಿಡಿದು ಒಳಗೆ ಕರೆತಂದರು. ತಾವೇ ಊರೆಲ್ಲ ಸಾರಿದ್ದಕ್ಕೆ ಹೀಗಾಯಿತೆಂದು ಅವರು ಹಣೆ ಚಚ್ಚಿಕೊಂಡರು. ನಾನು ವರದಿಯನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದೆ.

ಮಳೆಗಾಲ ಮುಗಿದ ಮೇಲೆ ಅಬ್ಬಿಗೆರೆ ಕಡೆ ಮನೆ ಮಾಡಿದೆವು. ಹೊಸ ನೆರೆಯವರು ಮಕ್ಕಳೆಷ್ಟು ಎಂದು ಕೇಳಿದರು. ಇಲ್ಲ ಎಂದೆ. ಅತ್ತೆ ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ.