ಕೆರೆಯಂಚಿನ ಎಮ್ಮೆ ಹೆಜ್ಜೆ

ಮೊಬೈಲಿನ ಗಾಲ್ಫ್ ಆಟಕ್ಕೆ ನೆಲ ಸಿದ್ಧಪಡಿಸುವುದು ನನ್ನ ಕೆಲಸ. ಆ ಸಲದ ಮೈದಾನ ಹಳ್ಳಿ ಕೆರೆಯ ಪಕ್ಕದ್ದು. ಹಾಗಾಗಿ ನಿಜವಾದ ನೆಲದಲ್ಲಿ ಚೆಂಡು ಹೇಗೆ ಪುಟಿಯುತ್ತದೆಂದು ನೋಡಲು, ಹಗರೆ ಊರಿನ ಹತ್ತಿರದ ಕೆರೆಯಂಚಿನಲ್ಲಿ ಚೆಂಡು ಬೀಳಿಸಿ ವಿಡಿಯೊ ತೆಗೆಯುತ್ತಿದ್ದೆ. ಎಮ್ಮೆ ಮೇಯಿಸುತ್ತಿದ್ದ ಜಯಮ್ಮ ಹತ್ತಿರ ಬಂದು, "ಸರ್ವೆಯೋರಾ?" ಎಂದರು.

"ಇಲ್ಲಮ್ಮ, ಆಟಕ್ಕೆ ನೆಲ ಮಾಡ್ತೀನಿ."

"ನೆಲ ಐತಲ್ಲ, ಅದನ್ನೇನು ಮಾಡೋದು?"

ಎಮ್ಮೆಯನ್ನು ಒಮ್ಮೆ ಕೆಸರಿನಲ್ಲಿ ನಡೆಸ್ತೀರಾ ಎಂದು ಕೇಳಿದೆ. ಅನುಮಾನದಿಂದಲೇ ನಡೆಸಿದರು. ಗೊರಸಿನ ಗುಳಿಯೊಳಗೆ ಬಿದ್ದ ಚೆಂಡು ಅಲ್ಲೇ ಕೂತುಬಿಟ್ಟಿತು. ಆ ಗುಳಿಗಳನ್ನು ಇದ್ದ ಹಾಗೆಯೇ ಆಟಕ್ಕೆ ತಂದೆ.

ಆಟ ಬಿಡುಗಡೆಯಾದದ್ದೇ ತಡ, ಆ ಜಾಗದ ಮೇಲೆ ಆಡುವವರಿಂದ ದೂರೋ ದೂರು. ತೆಗೆದುಹಾಕಿ ಎಂದರು ಆಫೀಸಿನಲ್ಲಿ. ನಾನು ಬಗ್ಗದೆ ಕೆರೆಯ ವಿಡಿಯೊ ತೋರಿಸಿದೆ. ಎಲ್ಲರೂ ಎರಡೆರಡು ಸಲ ನೋಡಿದರು. ಗುಳಿಗಳು ಉಳಿದವು.

ಮತ್ತೆ ಹಗರೆಗೆ ಹೋದಾಗ ಜಯಮ್ಮನಿಗೆ ಆಟ ತೋರಿಸಿದೆ. ಅವರು ಮೊಬೈಲನ್ನು ಎಮ್ಮೆಯ ಮುಖಕ್ಕೇ ಹಿಡಿದು, "ನೋಡೇ, ನಿನ್ನ ಹೆಜ್ಜೆ" ಎಂದರು.

"ಇಲ್ಲಿ ಚೆಂಡು ಸಿಕ್ಕಿಕೊಂಡು ಯಾವ್ಯಾವ ದೇಶದವರೋ ಬೈತಾರಮ್ಮ."

"ಬೈಲಿ ಬಿಡಿ. ನಾನು ದಿನಾ ಬೈತೀನಿ, ಇದಕ್ಕೇನಾಗೈತೆ?"

ಎಮ್ಮೆ ಕಿವಿ ಕೊಡವಿ ಸುಮ್ಮನಾಯಿತು. ಈಗ ದೂರು ಬಂದಾಗಲೆಲ್ಲ ನಾನೂ ಅಷ್ಟೇ ಮಾಡುತ್ತೇನೆ.