ಮಣ್ಣಿಗೆ ಮಡಲು ಹೊದಿಸುವ ಕುಶಲಕ್ಕ

ಹುರುಳಿ ಗಿಡವನ್ನು ಬುಡ ಹಿಡಿದು ಕಿತ್ತು, ಬೇರಿನ ಮಣ್ಣನ್ನು ಅಲ್ಲೇ ಕೊಡವಿ, ಕುಶಲಾ ಮುಂದಿನ ಗಿಡಕ್ಕೆ ಬಗ್ಗುತ್ತಾರೆ. ಒಂದು ಚಿಟಿಕೆ ಮಣ್ಣೂ ಈ ಗದ್ದೆಯಿಂದ ಆಚೆ ಹೋಗಬಾರದು. ಹಿರಿಯಡ್ಕದಿಂದ ಒಳಗೆ, ಕೆಂಪುಕಲ್ಲು ಕೊಯ್ದು ತೆಗೆಯುವ ಕೋರೆಯ ಅಂಚಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಇಬ್ಬನಿ ಇರುವಾಗಲೇ ಕಿತ್ತು ಮುಗಿಸಬೇಕು. ಬಿಸಿಲೇರಿದರೆ ಕೋಡು ಸಿಡಿದು ಕಾಳೆಲ್ಲ ನೆಲದ ಪಾಲು.

“ಕುಶಲಕ್ಕ, ನಿಮ್ಮ ಮಣ್ಣಿಗೆ ಕಾಪಿ ಆಯ್ತಾ?” ಕೋರೆಯ ಧಣಿ, ಊರವರು ‘ಪರ್ಬುಗಳು’ ಎಂದು ಕರೆಯುವ ಇಮ್ಯಾನುಯೆಲ್ ದಾರಿಯಿಂದಲೇ ಕೇಳುತ್ತಾರೆ.

“ಆಯ್ತು ಪರ್ಬುಗಳೇ. ಸಕ್ಕರೆ ಹಾಕಲಿಲ್ಲ. ಅದಕ್ಕೂ ನಿಮ್ಮ ಹಾಗೆ ಶುಗರ್ ಬಂದರೆ ಎಂತ ಮಾಡುವುದು?”

ಅರುವತ್ತೆರಡು ವರ್ಷದ ಕುಶಲಾ ಇಲ್ಲಿ ಮಣ್ಣು ಕಾಯುವವರು. ಇಂಥದ್ದೊಂದು ಕೆಲಸ ಉಂಟೆಂದೇ ಹೆಚ್ಚಿನವರಿಗೆ ತಿಳಿಯದು. ಕಲ್ಲು ಕೊಯ್ಯುವ ಮೊದಲು ನೆಲದ ಮೇಲಿನ ಒಂದಡಿ ಕಪ್ಪು ಮಣ್ಣನ್ನು ಕೆರೆದು ಬೇರೆ ರಾಶಿ ಹಾಕಬೇಕು. ರಾಶಿ ಆಳೆತ್ತರ ಮೀರಿದರೆ ಅಡಿಯ ಮಣ್ಣು ಉಸಿರುಕಟ್ಟಿ ಸಾಯುತ್ತದೆ. ಸುತ್ತ ನೀರು ಹರಿಯಲು ಕಣಿ ತೋಡಬೇಕು, ಮಳೆಗಾಲಕ್ಕೆ ತೆಂಗಿನ ಮಡಲು ಹೊದಿಸಬೇಕು. ವರ್ಷಕ್ಕೆ ಮುನ್ನೂರು ಮಡಲು. ಅಷ್ಟನ್ನೂ ನೇಯುವುದು ಇವರೇ. ಅತ್ತ ಕೋರೆಯ ಒಂದು ಬದಿಯಲ್ಲಿ ಕಲ್ಲು ಏಳುತ್ತಿರುವಾಗಲೇ ಇತ್ತ ಕೊಯ್ದು ಮುಗಿದ ಬದಿ ತುಂಬುತ್ತ ಬರಬೇಕು: ತಳಕ್ಕೆ ಕಲ್ಲಿನ ಚೂರು, ನಡುವೆ ಗೊಚ್ಚು ಮಣ್ಣು, ಎಲ್ಲಕ್ಕಿಂತ ಮೇಲೆ ಕಪ್ಪು ಮಣ್ಣು.

“ಹಾಸಿಗೆ ಹಾಕಿದ ಹಾಗೆ,” ಎನ್ನುತ್ತಾರೆ ಕುಶಲಾ. “ಚಾಪೆ ಕೆಳಗೆ, ಕಂಬಳಿ ಮೇಲೆ. ಕಂಬಳಿ ಹಾಸಿ ಚಾಪೆ ಹೊದ್ದುಕೊಂಡರೆ ಚಳಿ ಬಿಡ್ತದಾ?”

ಹನ್ನೊಂದು ವರ್ಷದ ಹಿಂದೆ ಅವರು ಮಾಡಿದ್ದು ಅದೇ ತಪ್ಪನ್ನು.

ನೀರು ನಿಲ್ಲದ, ಎತ್ತರದ ಈ ಬೆಟ್ಟು ಗದ್ದೆ ನೆರೆಮನೆಯ ಮೋಹಿನಿಯದು. ಮದುವೆಯಾಗಿ ಬಂದ ವರ್ಷದಿಂದಲೂ ಇಬ್ಬರೂ ಕೂಡಿಯೇ ಇಲ್ಲಿ ಹುರುಳಿ ಬಿತ್ತಿದವರು. ಬದುವಿನ ಮೇಲೆ ಕುಳಿತು ಒಂದೇ ವೀಳ್ಯದೆಲೆಯನ್ನು ಸೀಳಿ ಹಂಚಿಕೊಂಡವರು. ಕಿತ್ತ ದಿನ ಮೋಹಿನಿಯ ಮನೆಯಲ್ಲಿ ಹುರುಳಿ ಸಾರು, ಮರುದಿನ ಕುಶಲಾರ ಮನೆಯಲ್ಲಿ. ಆ ಸಾರಿನ ಒಗ್ಗರಣೆಯ ಪರಿಮಳ ಈಗಲೂ ಮೂಗಿನಲ್ಲಿದೆ ಎನ್ನುತ್ತಾರೆ. ಗಂಡ ತೀರಿದ ಮೇಲೆ ಮೋಹಿನಿ ಗದ್ದೆಯನ್ನು ಕೋರೆಗೆ ಕೊಟ್ಟಾಗ ಹಾಕಿದ್ದು ಒಂದೇ ಷರತ್ತು: ಕಪ್ಪು ಮಣ್ಣು ತಿರುಗಿ ಮೇಲೆಯೇ ಬರಬೇಕು. ನೋಡಿಕೊಳ್ಳಲು ಕುಶಲಾರನ್ನೇ ನಿಲ್ಲಿಸಿದರು.

ಗದ್ದೆಯ ಮೊದಲ ಅರ್ಧದ ಕಲ್ಲು ಕೊಯ್ದು ಮುಗಿದಾಗ ಮೇ ತಿಂಗಳ ಕೊನೆ. ಸಿಡಿಲು ಶುರುವಾಗಿತ್ತು. ರಾಶಿ ತೊಳೆದುಹೋದೀತೆಂಬ ಹೆದರಿಕೆಯಲ್ಲಿ ಕುಶಲಾ ಟಿಪ್ಪರಿನವನಿಗೆ, “ಮೊದಲು ಮಣ್ಣನ್ನು ಗುಂಡಿಗೆ ಹಾಕಿಬಿಡು,” ಎಂದರು. ಮಾರನೆಯ ದಿನ ಕಲ್ಲಿನ ಚೂರು ಅದರ ಮೇಲೆ ಬಿತ್ತು. ಆ ವರ್ಷ ಅಲ್ಲಿ ನಾಚಿಕೆಮುಳ್ಳು ಸಹ ಹುಟ್ಟಲಿಲ್ಲ.

ಮೋಹಿನಿ ಬೈಯಲಿಲ್ಲ. ಕಾಪುವಿನ ಮಗಳ ಮನೆಗೆ ಹೊರಟವರು ಗದ್ದೆಯ ಬದಿಯಲ್ಲಿ ನಿಂತು, “ಇದರಲ್ಲಿ ಹುರುಳಿ ಬಂದ ದಿನ ಒಂದು ಕಾಗದ ಹಾಕು ಕುಶಲಾ. ಅಲ್ಲಿವರೆಗೆ ಫೋನು ಬೇಡ,” ಎಂದರಷ್ಟೆ.

ಕುಶಲಾ ಅದೇ ವಾರ ಕಾಗದ ಬರೆದಿಟ್ಟರು. ಕೊನೆಯ ಒಂದು ಸಾಲಿಗೆ ಜಾಗ ಬಿಟ್ಟರು.

ಉಳಿದರ್ಧಕ್ಕೆ ಯಂತ್ರ ಇಳಿಯುವ ಮೊದಲೇ ಅವರು ಇಮ್ಯಾನುಯೆಲ್ ಜೊತೆ ನಕ್ಷೆ ಬಿಡಿಸಿ ಕುಳಿತರು. ಆ ಅರ್ಧದ ಮಣ್ಣನ್ನು ತಂದು ಕೆಟ್ಟ ಅರ್ಧಕ್ಕೆ ಹೊದಿಸುವುದು. ಮಣ್ಣಿಲ್ಲದೆ ಉಳಿಯುವ ಗುಂಡಿಯ ಬದಿಗಳನ್ನು ಇಳಿಜಾರು ಮಾಡಿ, ಬೇಲಿ ಹಾಕಿ ಕೆರೆ ಮಾಡುವುದು. ಆಮೇಲೆ ಮಣಿಪಾಲದ ಫ್ಲ್ಯಾಟಿನವರು ಹೂದೋಟಕ್ಕೆಂದು ಅದೇ ಮಣ್ಣಿಗೆ ಲಾರಿ ತಂದರು. ಅವರು ಹೇಳಿದ ಬೆಲೆಗೆ ಧಣಿಯ ಮನಸ್ಸೂ ಅಲುಗಿತ್ತು. ಕುಶಲಾ ರಾಶಿಯ ಮೇಲೆ ಹತ್ತಿ ಕುಳಿತರು.

“ಲಾರಿಗೆ ಮೊದಲು ನನ್ನನ್ನು ತುಂಬಿಸಿ. ಮಣ್ಣು ಆಮೇಲೆ,” ಎಂದರಂತೆ.

“ಮಧ್ಯಾಹ್ನದವರೆಗೆ ಇಳಿಯಲೇ ಇಲ್ಲ ಮಾರಾಯ್ರೆ! ಊಟ ನಾನೇ ಮೇಲೆ ಕೊಟ್ಟದ್ದು,” ಎಂದು ಇಮ್ಯಾನುಯೆಲ್ ನಗುತ್ತಾರೆ. ಲಾರಿ ಖಾಲಿ ಹೋಯಿತು. ಆ ಮಣ್ಣು ಕೆಟ್ಟ ಅರ್ಧದ ಮೇಲೆ ಹರಡಿ ಮುಗಿಯುವಾಗ ಎಂಟು ವರ್ಷ ಕಳೆದಿತ್ತು.

ಹೋದ ಎರಡು ವರ್ಷ ಹುರುಳಿ ಮೊಳೆತು ಹಳದಿಯಾಗಿ ಒಣಗಿತು. ಕುಶಲಾ ಅದನ್ನು ಅಲ್ಲೇ ಮಗುಚಿ, ಸಗಣಿ ಗೊಬ್ಬರ ಹೊತ್ತು ಹಾಕಿ, ಮತ್ತೆ ಬಿತ್ತಿದರು. ಈ ಸಲ ಕೋಡು ತುಂಬಿದೆ.

ಬಿಸಿಲು ಕೆರೆಯ ನೀರಿಗೆ ತಾಗುವಾಗ ಕೊನೆಯ ಸಾಲು ಮುಗಿಯುತ್ತದೆ. ಹಣ್ಣಾದ ನಾಲ್ಕು ಕೋಡು ಉಜ್ಜಿ, ಕಾಳನ್ನು ಸೆರಗಿಗೆ ಕಟ್ಟಿಕೊಂಡು ಅವರು ಮನೆಗೆ ನಡೆಯುತ್ತಾರೆ. ಅಂದು ಬರೆದಿಟ್ಟ ಕಾಗದ ಡಬ್ಬಿಯ ತಳದಲ್ಲಿ ಹಳದಿ ತಿರುಗಿದೆ. ಖಾಲಿ ಜಾಗದಲ್ಲಿ ಬರೆಯುತ್ತಾರೆ: “ಬಂತು. ಸಾರು ಮೊದಲು ನಿನ್ನ ಮನೆಯಲ್ಲಿ.”

ಅಂಚೆ ಕಚೇರಿಯ ರೇಚಲ್ ಲಕೋಟೆಯನ್ನು ಅಲುಗಿಸಿ ನೋಡುತ್ತಾರೆ. ಒಳಗೆ ಕಾಳು ಸದ್ದು ಮಾಡುತ್ತದೆ.

“ಇದೆಂತ ಕುಶಲಕ್ಕ, ಹುರುಳಿಯಾ? ಇಷ್ಟರಲ್ಲಿ ಸಾರು ಆಗ್ತದಾ?”

“ಸಾರಿಗಲ್ಲ ಬಾಯಮ್ಮ,” ಎನ್ನುತ್ತಾರೆ ಕುಶಲಾ. “ಮೋಹಿನಿಗೆ ಈಗ ಕಣ್ಣು ಮಂಜಂತೆ, ಅವಳ ಮಗಳು ಹೇಳಿದಳು. ಅಕ್ಷರ ಕಾಣದಿದ್ದರೆ ಮುಟ್ಟಿ ಓದಲಿ.”

ಠಸ್ಸೆಯ ಸದ್ದು ಕೇಳುವವರೆಗೂ ಅವರು ಅಲ್ಲಿಂದ ಕದಲುವುದಿಲ್ಲ.